ಬಲೆಯಲ್ಲಿ ಸಿಕ್ಕವನು

ಕೇಳಿ ಇಲ್ಲಿ. ನಮ್ಮೂರ ಹಿನ್ನೀರಿನಲ್ಲಿ ಮುಳುಗುತ್ತಿದ್ದ ಹುಡುಗನನ್ನು ಒಂದೇ ಕೈಯಲ್ಲಿ ಎಳೆದು ದಡಕ್ಕೆ ಹಾಕಿದವನು ನಾನು, ಯೋಫಿ. ನಿಮ್ಮಲ್ಲಿ ಎಷ್ಟು ಜನರಿಗೆ ಅಂಥ ಗುಂಡಿಗೆ ಇದೆ? ನಂಬಿಕೆ ಬಾರದಿದ್ದರೆ ನಮ್ಮ ಚರ್ಚಿನಲ್ಲಿ ಯಾರನ್ನಾದರೂ ವಿಚಾರಿಸಿ. ಭಾನುವಾರ ನನ್ನನ್ನು ಮೈಕಿನ ಮುಂದೆ ನಿಲ್ಲಿಸಿ ಸಾಕ್ಷಿ ಹೇಳಿಸಿದರು. ಡ್ರಮ್ಮು ಬಡಿದರು, ಹೆಂಗಸರು ಬಿಳಿ ಕರವಸ್ತ್ರ ಬೀಸುತ್ತ ಕುಣಿದರು. ಸಭೆಯ ಹಿರಿಯರು ಬೆಂಟ್ಸಿಲ್, ತಮ್ಮ ಬೈಬಲ್ಲಿನ ಚೀಲಕ್ಕೆ ಜೀವಂತ ಏಡಿ ಬಿಟ್ಟವನು ನಾನೇ ಎಂದು ಚೆನ್ನಾಗಿ ಗೊತ್ತಿದ್ದೂ ನನ್ನ ತಲೆಯ ಮೇಲೆ ಕೈಯಿಟ್ಟರು.

ನಾನೇನು ಬಿಡುವವನೇ? ವಿಡಿಯೋ ಅಂಗಡಿಯ ಬೆಂಚಿನ ಮೇಲೆ ಕೂತು ಸಿನಿಮಾ ನೋಡಿ ಕಲಿತದ್ದನ್ನೆಲ್ಲ ಅಲ್ಲಿ ಸುರಿದೆ. "ಆಗ ನಾನು ನೀರಿಗೇ ಹೇಳ್ದೆ. ಏ ನೀರೇ, ಇವನಿಗೆ ಯಾರೂ ಇಲ್ಲ ಅಂದ್ಕೊಂಡ್ಯಾ? ಇವನ ಹಿಂದೆ ನಾನಿದೀನಿ. ಇವನನ್ನ ಮುಟ್ಬೇಕಾದ್ರೆ ಮೊದ್ಲು ನನ್ನನ್ನ ದಾಟು." ಅಷ್ಟು ಹೇಳಿ ಗಕ್ಕನೆ ನಿಲ್ಲಿಸಿದೆ. ಎಲ್ಲಿ ನಿಲ್ಲಿಸಬೇಕೆಂದು ತಿಳಿದವನೇ ಹೀರೋ. ಮುಂದಿನ ಸಾಲಿನಲ್ಲಿ ಅಮ್ಮ ಅಳುತ್ತಿದ್ದಳು. ಅವಳ ಕಣ್ಣು ನನ್ನ ಮೇಲಿತ್ತು. ನನ್ನೊಬ್ಬನ ಮೇಲೆ.

ಆ ಕಣ್ಣಿಗಾಗಿ ನಾನು ಪಟ್ಟ ಪಾಡು ನಿಮಗೆ ಗೊತ್ತಿಲ್ಲ.

ವೋಲ್ಟಾ ಸರೋವರದಿಂದ ಬಿಡಿಸಿ ತಂದ ಹುಡುಗರಿಗಾಗಿ ನಮ್ಮ ಚರ್ಚಿನವರು ಒಂದು ಮನೆ ನಡೆಸುತ್ತಾರೆ. ಶಾಲೆಗೆ ಹಾಕುತ್ತೇವೆ ಎಂಬ ಮಾತು ನಂಬಿ ಮನೆಯವರೇ ಮೀನುಗಾರರ ಕೈಗೆ ಒಪ್ಪಿಸಿದ ಹುಡುಗರು. ಅಲ್ಲಿ ಶಾಲೆಯೂ ಇಲ್ಲ, ಮಣ್ಣೂ ಇಲ್ಲ. ಸರೋವರದ ತಳದಲ್ಲಿ ಮುಳುಗಿರುವ ಮರಗಳಿಗೆ ಬಲೆ ಸಿಕ್ಕಿಕೊಂಡರೆ ಕೆಳಗಿಳಿದು ಬಿಡಿಸುವುದು ಇವರ ಕೆಲಸ. ನಮ್ಮಮ್ಮ ಅರಬಾ ಮೀನು ಹೊಗೆಯಾಡಿಸಿ ಮಾರುವವಳು. ಚರ್ಚಿನ ಉಳಿದ ಹೆಂಗಸರ ಜೊತೆ ಶನಿವಾರಗಳಲ್ಲಿ ಆ ಮನೆಗೆ ಹೋಗಿ, ಬಟ್ಟೆ ಒಗೆದು, ಅಡುಗೆ ಮಾಡಿ, ಹುಡುಗರ ಜೊತೆ ಪ್ರಾರ್ಥನೆ ಮಾಡಿ ಬರುತ್ತಿದ್ದಳು. ಅಲ್ಲಿಯವರೆಗೆ ನನ್ನ ತಕರಾರಿರಲಿಲ್ಲ. ಆಮೇಲೆ ಪಾದ್ರಿಗಳು, "ಒಬ್ಬೊಬ್ಬರು ಒಂದೊಂದು ಹುಡುಗನ್ನ ಶನಿವಾರ ಭಾನುವಾರ ಮನೇಲಿಟ್ಕೊಳ್ಳಿ, ಮನೆ ಅಂದ್ರೇನು ಅಂತ್ಲೇ ಮರ್ತಿದಾವೆ," ಎಂದರು. ಎಲ್ಲರಿಗಿಂತ ಮೊದಲು ಕೈಯೆತ್ತಿದವಳು ಅಮ್ಮ. ಹಾಗೆ ನಮ್ಮ ಮನೆಗೆ ಬಂದವನು ಕ್ವಾಮೆನಾ.

ನನಗಿಂತ ಚಿಕ್ಕವನು. ಆಳಕ್ಕೆ ಇಳಿದಿಳಿದು ಎಡಗಿವಿ ಹೋಗಿತ್ತು. ಕರೆದರೆ ಕೋಳಿಯ ಹಾಗೆ ಕತ್ತು ಓರೆ ಮಾಡುತ್ತಿದ್ದ. ಸ್ನಾನಕ್ಕೆ ಕೂತರೆ ಮೈಗೆಲ್ಲ ನೀರು ಹುಯ್ದುಕೊಂಡರೂ ಮುಖಕ್ಕೆ ಹುಯ್ದುಕೊಳ್ಳುತ್ತಿರಲಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಿದ್ದ. "ಅವನನ್ನ ಹಿನ್ನೀರಿನ ಕಡೆ ಕರ್ಕೊಂಡ್ಹೋದ್ಯೋ, ಜೋಕೆ," ಎಂದು ಅಮ್ಮ ನನ್ನ ಕಿವಿ ಹಿಂಡಿ ಹೇಳಿದ್ದಳು.

ಅವನು ಬಂದ ಮೇಲೆ ಮೀನಿನ ನಡುತುಂಡು ಅವನ ತಟ್ಟೆಗೆ, ಬಾಲ ನನಗೆ. ಅವನು ಬಂಕು ಮುದ್ದೆಯನ್ನು ಮುರಿದು ಸಾರಿನಲ್ಲಿ ಅದ್ದುವುದನ್ನು ಅಮ್ಮ ಕೆನ್ನೆಗೆ ಕೈಕೊಟ್ಟು ನೋಡುತ್ತ ಕೂರುತ್ತಿದ್ದಳು.

"ಆ ಮಗು ತಿನ್ನೋದನ್ನ ನೋಡೋದೇ ಒಂದು ಪ್ರಾರ್ಥನೆ ಕಣೋ."

"ಮತ್ತೆ ನಾನು ತಿನ್ನೋದು?"

"ನೀನು ತಿನ್ನೋದು ನಷ್ಟ."

ಮೊದಲಾಗಿದ್ದರೆ ಇಂಥ ಮಾತಿನ ಹಿಂದೆಯೇ ನಗುತ್ತಿದ್ದಳು. ನಮ್ಮಮ್ಮನನ್ನು ನಗಿಸುವವನು ನಾನು. ಅಪ್ಪ ಸತ್ತ ವರ್ಷ ಅವಳನ್ನು ಮತ್ತೆ ನಗಿಸಿದ್ದು ಪಾದ್ರಿಗಳ ಪ್ರಾರ್ಥನೆಯಲ್ಲ, ನನ್ನ ವಿಲನ್ ನಗು. ದಿನಾ ಸಂಜೆ ಒಲೆಯ ಮುಂದೆ ಹೀರೋ, ಹೀರೋಯಿನ್, ವಿಲನ್ ಮೂರೂ ಪಾತ್ರ ನಾನೇ ಮಾಡುತ್ತಿದ್ದೆ, ಅವಳು ಸೆರಗು ಬಾಯಿಗಿಟ್ಟುಕೊಂಡು ಬೀಳುವ ಹಾಗೆ ನಗುತ್ತಿದ್ದಳು. ಈಗ ಬಾಯಿ ತೆರೆದರೆ ಸಾಕು, "ಮೆಲ್ಲಗೆ, ಅವನು ಬೆಚ್ಚಿಬೀಳ್ತಾನೆ." ನನ್ನ ವಿಲನ್ ನಗು ನಮ್ಮ ಮನೆಯಲ್ಲೇ ಬಂದ್.

ಒಮ್ಮೆ ಅವನ ಸಾರಿಗೆ ಮುಷ್ಟಿಯಷ್ಟು ಮೆಣಸಿನಕಾಯಿ ಅರೆದು ಹಾಕಿದೆ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಬಟ್ಟಲು ಖಾಲಿ ಮಾಡಿ, "ಚೆನ್ನಾಗಿತ್ತು ಆಂಟಿ," ಎಂದ. ಅಮ್ಮನಿಗೆ ಅವನು ಪ್ರೀತಿ ಕಂಡು ಅಳುತ್ತಿದ್ದಾನೆ ಅನ್ನಿಸಿ ಅವಳೂ ಅತ್ತಳು. ಇಂಥವನ ಜೊತೆ ಹೇಗೆ ಗೆಲ್ಲುವುದು, ನೀವೇ ಹೇಳಿ.

ಕೊನೆಗೆ ಒಂದು ಲೆಕ್ಕ ಹಾಕಿದೆ. ಅಮ್ಮನ ಮಾತು ಮೀರಿ ಅವನು ನೀರಿಗಿಳಿಯಬೇಕು. ಅದನ್ನು ಅಮ್ಮ ಕಣ್ಣಾರೆ ನೋಡಬೇಕು. ಆಮೇಲೆ ಈ 'ಮಗು, ಮಗು' ನಿಲ್ಲುತ್ತದೆ. ಹೋದ ಶನಿವಾರ ಮಧ್ಯಾಹ್ನ ಹೋಗಿ ಹೇಳಿದೆ, "ಬಾ ಚಾಲೇ, ಬಾ ಗೆಳೆಯಾ, ಅಮ್ಮ ನಿನ್ನನ್ನ ಹಿನ್ನೀರಿನ ಹತ್ರ ಕರೀತಿದಾಳೆ." ಅಮ್ಮನ ಹೆಸರು ಹೇಳಿದರೆ ಅವನು ಬೆಂಕಿಗೂ ಬರುತ್ತಿದ್ದ.

ಬಂದವನು ಮಗುಚಿದ ದೋಣಿಯೊಂದರ ಮೇಲೆ ನೀರಿಗೆ ಬೆನ್ನು ಹಾಕಿ ಕೂತ. ತೆಂಗಿನ ಮರಗಳ ಆಚೆ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಅಮ್ಮನ ಒಲೆಗಳ ಹೊಗೆ ಕಾಣುತ್ತಿತ್ತು. 

"ಎಲ್ಲಿ ಆಂಟಿ?"

"ಬರ್ತಾಳೆ. ಅಲ್ಲಿಗಂಟ ಒಂದು ಮುಳುಗು ಹಾಕು. ಸರೋವರದಲ್ಲಿ ಹುಲಿಯಂತೆ ನೀನು, ಇಲ್ಲಿ ಬಂದು ಇಲಿ ಆದ್ಯಾ? ಪೋಸ್ಟರಲ್ಲಿ ಹೀರೋ, ಪಿಕ್ಚರಲ್ಲಿ ಗುಂಪಲ್ಲಿ ಗೋವಿಂದ."

ಅವನು ದೋಣಿಯ ಅಂಚನ್ನು ಹಿಡಿದುಕೊಂಡ. ನಾನು ಅಂಗಿ ಕಳಚಿ ಬೀಸಾಡಿದಾಗ ಮಾತ್ರ ತಿರುಗಿ, ಹಳೆಯ ದೋಣಿಯೊಂದು ಮುಳುಗಿರುವ ಜಾಗ ತೋರಿಸಿದ. "ಅಲ್ಲಿ ಹೋಗ್ಬೇಡ. ಕೆಳಗೆ ಬಲೆ ಇದೆ."

"ಇಲಿ ಹೇಳಿದ ಮಾತು ಹುಲಿ ಕೇಳಲ್ಲ," ಎಂದು ನಾನು ಅಲ್ಲಿಗೇ ಹಾರಿದೆ.

ಚರ್ಚಿನಲ್ಲಿ ಹೇಳಿದ್ದನ್ನು ಮರೆತುಬಿಡಿ. ಹಾರಿದವನು ನಾನೇ. ಮುಳುಗಿದವನೂ ನಾನೇ.

ಕಣಕಾಲಿಗೆ ಏನೋ ಸುತ್ತಿಕೊಂಡಿತು. ಎಳೆದೆ, ಬಿಗಿಯಿತು. ಇನ್ನೂ ಎಳೆದೆ, ಇನ್ನೊಂದು ಕಾಲೂ ಹೋಯಿತು. ನೀರಿಗೆ ಡೈಲಾಗ್ ಹೇಳಲಿಲ್ಲ. ಬಾಯಿ ತೆರೆದಾಗ ಒಳಗೆ ಬಂದದ್ದು ಕೆಸರು. ಅಮ್ಮ ಎಂದು ಕೂಗಿದ್ದು ನೆನಪಿದೆ, ನೀರಿನೊಳಗೆ ಅದು ಯಾರಿಗೆ ಕೇಳುತ್ತದೆ. ಆಮೇಲೆ ನನ್ನ ಮುಖದ ಹತ್ತಿರ ಇನ್ನೊಂದು ಮುಖ ಬಂತು, ಕಣ್ಣು ಅಗಲ ತೆರೆದುಕೊಂಡು. ಎರಡು ಕೈ ನನ್ನ ಕಾಲನ್ನು ಹಿಡಿದು ಮೇಲಕ್ಕೆ ಎಳೆಯುವ ಬದಲು ಕೆಳಕ್ಕೆ ಒತ್ತಿದವು. ನನ್ನನ್ನು ಕೊಲ್ಲುತ್ತಿದ್ದಾನೆ ಎಂದುಕೊಂಡೆ. ಸರಿಯೇ ಅಂತಲೂ ಅನ್ನಿಸಿತು. ಬಲೆ ಸಡಿಲವಾಯಿತು.

ದಡದ ಮರಳಿನ ಮೇಲೆ ನಾನು ವಾಂತಿ ಮಾಡುತ್ತಿದ್ದೆ. ಅವನು ನನ್ನ ಕಣಕಾಲಿಗೆ ಅಂಟಿಕೊಂಡಿದ್ದ ಬಲೆಯ ಚೂರನ್ನು ಬಿಡಿಸಿ ತನ್ನ ಕಾಲಿಗೆ ಸುತ್ತಿಕೊಳ್ಳುತ್ತಿದ್ದ.

"ಏನ್ಮಾಡ್ತಿದೀಯೋ?"

"ಸದ್ದು ಕೇಳಿ ಆಂಟಿ ಓಡಿ ಬರ್ತಿದಾರೆ. ಸಿಕ್ಕಾಕ್ಕೊಂಡಿದ್ದು ನಾನು ಅನ್ನು."

"ಯಾಕೆ?"

"ಸಿಕ್ಕಾಕ್ಕೊಂಡೋನಿಗೆ ತಾನೇ ದೋಣಿ ಹುಟ್ಟಲ್ಲಿ ಬಾರ್ಸೋದು," ಎಂದ, ಇದೂ ಗೊತ್ತಿಲ್ಲವೇ ಎನ್ನುವ ಹಾಗೆ. "ನಿಂಗೆ ತಡ್ಕೊಳ್ಳಕ್ಕಾಗಲ್ಲ. ನಂಗೆ ರೂಢಿ."

ಹಾಗಲ್ಲ ಕಣೋ, ನಮ್ಮಮ್ಮ ಹೊಡೆಯಲ್ಲ, ಇಲ್ಲಿ ಯಾರೂ ಹೊಡೆಯಲ್ಲ ಎನ್ನಬೇಕಿತ್ತು. ಮಾತನ್ನೇ ನಂಬಿ ಬದುಕುವವನು ನಾನು, ಕಣಕಾಲಿನ ಕೆಸರು ಒರೆಸಿಕೊಳ್ಳುತ್ತ ಕೂತೆ.

ಅಮ್ಮ ಮಸಿಗೈಯಲ್ಲೇ ಬಂದಳು. "ಏನಾಯ್ತೋ, ಯಾರಿಗೇನಾಯ್ತೋ?"

"ನಾನು ಸಿಕ್ಕಾಕ್ಕೊಂಡೆ ಆಂಟಿ. ಯೋಫಿ ಬಿಡಿಸ್ದ."

ಅಮ್ಮ ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ. ಅಷ್ಟೇ ಮಾಡಿದ್ದು ನಾನು, ತಲೆಯಾಡಿಸಿದ್ದು. ಅವಳು ಮಂಡಿಯೂರಿ ನನ್ನನ್ನು ಬಾಚಿ ಎದೆಗೊತ್ತಿಕೊಂಡಳು. ಎಷ್ಟು ತಿಂಗಳಾಗಿತ್ತೋ ಆ ಹೊಗೆಯ ವಾಸನೆ ಅಷ್ಟು ಹತ್ತಿರದಿಂದ ಮೂಗಿಗೆ ಬಡಿದು. "ನನ್ನ ಮಗ, ನನ್ನ ಬಂಗಾರದಂಥ ಮಗ," ಎನ್ನುತ್ತಿದ್ದಳು. ಅವಳ ಹೆಗಲ ಮೇಲಿಂದ ನನಗೆ ಕ್ವಾಮೆನಾ ಕಾಣುತ್ತಿದ್ದ. ಒದ್ದೆ ಅಂಗಿ ಕಳಚಿ, ಮಡಿಸಿ, ಪಕ್ಕಕ್ಕಿಟ್ಟು, ಎರಡೂ ಕೈಗಳನ್ನು ದೋಣಿಯ ಅಂಚಿಗೆ ಊರಿ, ನಮ್ಮ ಕಡೆಗೆ ಬೆನ್ನು ಮಾಡಿ ಬಾಗಿ ನಿಂತಿದ್ದ.