ಹಿಂಬದಿ ಖಾಲಿಯಿದ್ದ ಕಾರ್ಡುಗಳು

ಇವರ ಎಡಗೆನ್ನೆ ಮುಗಿಯಿತು, ಬಲಗೆನ್ನೆಯ ನೊರೆ ಆಗಲೇ ಒಣಗುತ್ತಿದೆ, ಇನ್ನೊಂದು ಸಲ ಬ್ರಷ್ಷು ಅದ್ದಬೇಕು, ಈ ಕಡೆಯ ಚರ್ಮ ಜೋತುಬಿದ್ದಿದೆ, ಎರಡು ಬೆರಳಲ್ಲಿ ಎಳೆದು ಹಿಡಿದರೆ ಮಾತ್ರ ರೇಜರು ಓಡುತ್ತದೆ, ನಾಲ್ಕು ತಿಂಗಳಲ್ಲಿ ಕೈ ಪಳಗಿದೆ, ಮೊದಲ ವಾರ ಎಷ್ಟು ಸಲ ಗಾಯ ಮಾಡಿದೆನೋ, ಬೈಯುವುದಕ್ಕೂ ಇವರಿಗೆ ಮಾತಿರಲಿಲ್ಲ, ಲಕ್ವ ಹೊಡೆದ ಬೆಳಿಗ್ಗೆ ಬಲಗೈ ಬಲಗಾಲಿನ ಜೊತೆ ಮಾತೂ ಹೋಗಿತ್ತು — ಬರೀ ಮಾತಿನ ಮೇಲೆ ಬದುಕಿದ ಮನುಷ್ಯನಿಗೆ, ಇಪ್ಪತ್ತಾರು ವರ್ಷ ಇದೇ ಮುಂದಿನ ಕೋಣೆಯಲ್ಲಿ ಡ್ರೈವರುಗಳಿಗೆ, ನರ್ಸುಗಳಿಗೆ, ಅಂಗಡಿಯ ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಟ್ಟ ಮೇಷ್ಟ್ರಿಗೆ. ಅದರಲ್ಲೂ ಈ ಜೋಡಿಮಾತುಗಳು, ಒಂದು ದೊಡ್ಡ ಮಾತಿನ ಬಾಲಕ್ಕೆ ಅಪ್ಪೋ ಆಫೋ ಔಟೋ ಸೇರಿಕೊಂಡರೆ ಅರ್ಥವೇ ಬೇರೆಯಾಗುತ್ತದಲ್ಲ, ಅವು. ಬ್ರೇಕ್ ಅಂದರೆ ಮುರಿ, ಬ್ರೇಕ್ ಡೌನ್ ಅಂದರೆ ಕೆಟ್ಟು ನಿಲ್ಲುವುದು. ರನ್ ಔಟ್ ಅಂದ್ರೆ ಬರೀ ಕ್ರಿಕೆಟ್ಟಲ್ಲ ಕಣ್ರಪ್ಪಾ, ಡಬ್ಬೀಲಿ ಸಕ್ಕರೆ ಮುಗಿದುಹೋಗೋದು. ಪ್ರತಿ ಬ್ಯಾಚಿಗೂ ಅದೇ ಜೋಕು, ಪ್ರತಿ ಬ್ಯಾಚೂ ನಕ್ಕಿತು, ಒಳಗೆ ಕತ್ತರಿ ಹಿಡಿದು ಕೂತ ನಾನೊಬ್ಬಳೇ ನಗಲಿಲ್ಲ. ಕಾರ್ಡು ಕತ್ತರಿಸುವುದು ನನ್ನ ಕೆಲಸ, ಷರ್ಟಿನ ಪೆಟ್ಟಿಗೆಯ ರಟ್ಟು, ದೊಡ್ಡ ಮಾತು ನೀಲಿ ಶಾಯಿ, ಬಾಲ ಕೆಂಪು, ಹಿಂಬದಿ ಖಾಲಿ. ಅರ್ಥ ಕಾರ್ಡಲ್ಲಿ ಬರೆದ್ರೆ ಕಾರ್ಡಲ್ಲೇ ಉಳಿಯುತ್ತೆ, ತಲೆಗೆ ಹತ್ತಲ್ಲ ಅನ್ನುತ್ತಿದ್ದರು. ಇನ್ನೂರ ನಲವತ್ತು ಕಾರ್ಡು, ಅಕ್ಷರವೆಲ್ಲ ನನ್ನದು, ಅರ್ಥವೆಲ್ಲ ಅವರ ಬಾಯಲ್ಲಿ. ಮದುವೆಯಾದ ವರ್ಷ, ನನ್ನ ಅಕ್ಷರ ನೋಡಿ ನನಗೇ ಹಿಗ್ಗು, ಬಾಗಿಲಲ್ಲಿ ನಿಂತು ಎಲ್ಲರಿಗಿಂತ ಮೊದಲೇ ಹೇಳಿಬಿಟ್ಟೆ, ಲುಕ್ ಆಫ್ಟರ್ ಅಂದರೆ ಹಿಂದಿನಿಂದ ನೋಡೋದು. ನೋಡ್ಕೊಳ್ಳೋದು ಕಣೇ ಅಂದು ಹುಡುಗರ ಕಡೆ ತಿರುಗಿದರು, ನಮ್ಮನೇಲೇ ಡಿಕ್ಷನರಿ ಇದೆ, ನಾನು ಸುಮ್ನೆ ಅಂಗಡಿಯಿಂದ ತಂದೆ ನೋಡ್ರಪ್ಪಾ. ಅಷ್ಟೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನನ್ನ ಹೆಸರೇ ಡಿಕ್ಷನರಿ, ಡಿಕ್ಷನರೀ ಒಂದು ಲೋಟ ನೀರು, ಡಿಕ್ಷನರೀ ಬಾಗಿಲು ನೋಡು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಗೊತ್ತು, ಆದರೂ ಅವತ್ತು ಮುಚ್ಚಿದ ಬಾಯಿ ನಾನು ಇವರೆದುರು ಇಂಗ್ಲಿಷಿಗೆ ಮತ್ತೆ ತೆರೆಯಲಿಲ್ಲ.

ಗದ್ದ ಎತ್ತಿರೀ, ಹಾಂ, ಇಷ್ಟೇ. ಮಾತು ಕಲಿಸಲು ಆಸ್ಪತ್ರೆಯಿಂದ ಬರುವ ಆ ಹುಡುಗಿ ಹೇಳಿದ್ದಳು, ಅಮ್ಮಾ, ಅವರಿಗೆ ತುಂಬ ಇಷ್ಟವಾದದ್ದು ಯಾವುದೋ ಅದರಿಂದಲೇ ಶುರು ಮಾಡಿ. ಇಷ್ಟವಾದದ್ದು! ಕಾರ್ಡಿನ ಡಬ್ಬಿ ಇಳಿಸಿದೆ, ತಿರುಗಿಸಿದರೆ ಹಿಂದೆ ಏನೂ ಇಲ್ಲ, ಅಷ್ಟು ವರ್ಷ ಬರೆದೂ ನನಗೆ ಹತ್ತಿಪ್ಪತ್ತು ಬಿಟ್ಟರೆ ಗೊತ್ತಿಲ್ಲ, ಹಳೆಯ ವಿದ್ಯಾರ್ಥಿನಿ ನರ್ಸಮ್ಮ ತನ್ನ ನೋಟ್ಸು ಹುಡುಕಿ ತಂದುಕೊಡುವವರೆಗೆ ಊಹೆಯ ಮೇಲೇ ನಡೆಸಿದೆ. ಕಾಲ್ ಆಫ್ ಕಾರ್ಡು ಎತ್ತಿ ಹಿಡಿದು, ದೂರದಿಂದ ಕೂಗಿ ಕರೆಯೋದು ಅಲ್ವೇನ್ರೀ ಅಂದೆ. ಆಗ ಈ ತುಟಿ, ಇದೇ ಈ ಸೊಟ್ಟ ತುಟಿ, ಒಂದು ಕಡೆ ಮಾತ್ರ ಎದ್ದಿತು, ಗಂಟಲಲ್ಲಿ ಏನೋ ಉರುಳಿತು, ಅಲ್ಲ, ಅಂದರು. ಮೂರು ತಿಂಗಳ ಮೇಲೆ ಮೊದಲನೆಯ ಮಾತು, ನನ್ನ ಹೆಸರಲ್ಲ, ನೀರಲ್ಲ, ನೋವಲ್ಲ, ಅಲ್ಲ ಅನ್ನುವುದು. ತುಂಬ ಹೊತ್ತಾದ ಮೇಲೆ ಇನ್ನೊಂದು, ರದ್ದು. ಕಾರ್ಯಕ್ರಮ ರದ್ದು ಮಾಡುವುದು, ಹೌದು, ಅದೇ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಆ ವಾರ ಇನ್ನೂ ಐದು ಮಾತು ಬಂದವು, ಎಲ್ಲ ನನ್ನ ತಪ್ಪಿನ ಬೆನ್ನಿಗೇ ಬಂದವು, ಆಗ ನನಗೆ ಹೊಳೆಯಲಿಲ್ಲ, ಹೊಳೆಯದೆ ಹಟ ಹಿಡಿದು ನೋಟ್ಸು ಬಾಯಿಪಾಠ ಮಾಡಿದೆ, ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ, ಟರ್ನ್ ಡೌನ್ ಅಂದರೆ ಬೇಡವೆನ್ನುವುದು, ಗೆಟ್ ಓವರ್ ಅಂದರೆ ಚೇತರಿಸಿಕೊಳ್ಳುವುದು, ಈ ವಯಸ್ಸಿನಲ್ಲಿ ತಲೆಗೆ ಹತ್ತುತ್ತದೆಯಲ್ಲ ಎಂದು ಒಳಗೊಳಗೇ ಉಬ್ಬಿಹೋಗಿ. ನಿನ್ನೆ ಆ ಹುಡುಗಿ ಬಂದಾಗ ಇವರನ್ನು ಕೂರಿಸಿಕೊಂಡು ಒಂದೊಂದಾಗಿ ಹತ್ತು ಕಾರ್ಡು ಎತ್ತಿದಳು, ಇವರ ಕಣ್ಣು ಕಾರ್ಡಿನಿಂದ ನನ್ನ ಕಡೆ ತಿರುಗಿತು, ನಾನು ಒಂದೇ ಉಸಿರಿಗೆ ಹತ್ತೂ ಹೇಳಿದೆ, ಹತ್ತೂ ಸರಿ. ಹುಡುಗಿ ಚಪ್ಪಾಳೆ ತಟ್ಟಿದಳು. ನೋಟ್ಸು ವಾಪಸು ಕೇಳಲು ಬಂದಿದ್ದ ನರ್ಸಮ್ಮನಂತೂ ಕೈಹಿಡಿದುಕೊಂಡಳು, ಅಕ್ಕಾ, ನಿಂತುಹೋದ ಬ್ಯಾಚು ನೀವೇ ತಗೊಳ್ಳಿ, ಹನ್ನೊಂದು ಜನ ಕಾಯ್ತಾ ಇದಾರೆ, ಸೋಮವಾರದಿಂದ ಬರೋಕೆ ಹೇಳಲಾ. ನಾಳೆ ಹೇಳ್ತೀನಿ ಅಂದೆ, ಮುಖ ಬಿಸಿಯಾಗಿತ್ತು, ಯಾರಾದರೂ ನನ್ನನ್ನು ಏನನ್ನಾದರೂ ಹೇಳಿಕೊಡಿ ಎಂದು ಕೇಳಿ ಎಷ್ಟು ಕಾಲವಾಯಿತು, ಯಾರೂ ಕೇಳಿಯೇ ಇರಲಿಲ್ಲ. ತಿರುಗಿ ನೋಡಿದರೆ ಇವರು ಗೋಡೆಯ ಕಡೆ ಮುಖ ಮಾಡಿದ್ದರು. ಸಂಜೆ ಊಟ ಬಾಯಿಗೆ ತಂದರೆ ಹಲ್ಲು ಕಚ್ಚಿದರು. ಅದಕ್ಕೂ ಮೊದಲೇ, ಹೊರಡುವಾಗ, ಹುಡುಗಿ ಮೆಟ್ಟಿಲಲ್ಲಿ ನಿಂತು ತಗ್ಗಿದ ದನಿಯಲ್ಲಿ ಹೇಳಿದ್ದು, ಹದಿನೈದು ದಿನದಿಂದ ಒಂದೂ ಹೊಸ ಮಾತಿಲ್ಲಮ್ಮಾ, ಈಗ ಬರದೇ ಇದ್ರೆ ಆಮೇಲೆ ಕಷ್ಟ.

ಹದಿನೈದು ದಿನ. ನಾನು ತಪ್ಪು ಮಾಡುವುದು ನಿಲ್ಲಿಸಿ ಹದಿನೈದು ದಿನ. ಮೀಸೆಯ ಕೆಳಗೆ ಹುಷಾರಾಗಿ ಹೋಗಬೇಕು, ಇಲ್ಲಿ ಚರ್ಮ ತೆಳು. ಹಾಗಾದರೆ ಇವರೊಳಗೆ ಇನ್ನೂ ಕೂತಿರುವುದು ನನ್ನ ಗಂಡನಲ್ಲ, ಮೇಷ್ಟ್ರು, ತಪ್ಪು ಕೇಳಿದರೆ ಮಾತ್ರ ಎದ್ದು ನಿಲ್ಲುವವರು, ಆ ಮೇಷ್ಟ್ರ ಬಗ್ಗೆ ನನಗೆ ಎಷ್ಟು ಸಿಟ್ಟಿತ್ತು, ಈಗ ಇರುವುದು ಅವರೊಬ್ಬರೇ. ಬ್ಯಾಚು ಕೂರುವುದು ಈ ಕೋಣೆಯಲ್ಲೇ, ಮಂಚಕ್ಕೂ ಬೆಂಚಿಗೂ ನಡುವೆ ಒಂದು ಪರದೆ, ನಾನು ಸರಿಸರಿಯಾಗಿ ಹೇಳಿಕೊಡುತ್ತ ಹೋದರೆ ಪರದೆಯ ಹಿಂದೆ ಇವರು ಪೂರ್ತಿ ಗೋಡೆಗೆ ತಿರುಗಿಬಿಡುತ್ತಾರೆ. ನರ್ಸಮ್ಮನಿಗೆ ಫೋನು ಮಾಡಿ ಆಗಲ್ಲಮ್ಮಾ ಅಂದರಾಯಿತು, ಯಾಕೆ ಅಂದರೆ ಮನೆಗೆಲಸ ಅಂದರಾಯಿತು, ಯಾರಿಗೂ ಬಿಡಿಸಿ ಹೇಳುವುದೇನಿಲ್ಲ, ಆ ಹುಡುಗಿಗೂ. ಇವರೆದುರು ಮತ್ತೆ ತಪ್ಪು ಹೇಳತೊಡಗಿದರಾಯಿತು, ಆದರೆ ಇವರು ಹಳೆಯ ಹುಲಿ, ಬೇಕೆಂದೇ ಮಾಡಿದ ತಪ್ಪನ್ನು ಒಂದೇ ನೋಟದಲ್ಲಿ ಹಿಡಿಯುತ್ತಾರೆ, ನನ್ನಂಥವಳು ನಿಜವಾಗಿ ಮಾಡುವಂಥದ್ದೇ ಆಗಬೇಕು, ಅದನ್ನು ರಾತ್ರಿಯ ಪಾತ್ರೆ ತೊಳೆಯುತ್ತ ಯೋಚಿಸಿಟ್ಟುಕೊಳ್ಳಬೇಕು, ಸರಿಯಾದದ್ದನ್ನು ಒಂದು ಸಲ ಕಲಿತರೆ ಸಾಕು, ತಪ್ಪನ್ನು ದಿನಾ ಹೊಸದಾಗಿ ಕಲಿಯಬೇಕು. ಡಬ್ಬಿಯಿಂದ ಒಂದು ಕಾರ್ಡು ತೆಗೆದೆ, ಟೇಕ್ ಆಫ್ಟರ್, ಅಪ್ಪನ ಹಾಗೋ ಅಮ್ಮನ ಹಾಗೋ ಇರುವುದು, ಗೊತ್ತು, ಚೆನ್ನಾಗಿ ಗೊತ್ತು, ನೋಟ್ಸಿನ ಹನ್ನೆರಡನೆಯ ಪುಟ. ಇವರ ಕಣ್ಣೆದುರು ಹಿಡಿದೆ. ಇದು ಯಾರಾದ್ರೂ ಹೋದ ಮೇಲೆ ಅವರ ಸಾಮಾನು ತಗೊಳ್ಳೋದು ಅಲ್ವೇನ್ರೀ, ಅಂದೆ. ರೇಜರನ್ನು ದೂರ ಹಿಡಿದಿದ್ದೇನೆ, ನೀರು ಮುಂಗೈಗೆ ಇಳಿಯುತ್ತಿದೆ, ಬಿಳಿ ನೊರೆಯ ನಡುವೆ ಆ ತುಟಿ, ಒಂದು ಕಡೆ ಮಾತ್ರ, ಸ್ವಲ್ಪ —