ಒಂದು ಗೇಣು ನವಿಲುಬಣ್ಣ

ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ರುಕ್ಮಿಣಮ್ಮ ಎರಡು ಬುಟ್ಟಿಗಳನ್ನು ಅವುಗಳ ಜಾಗದಲ್ಲಿ ಇಡುತ್ತಿದ್ದಳು. ರಾಟೆಯ ಎಡಕ್ಕೆ ನೀಲಿ ರೇಷ್ಮೆ, ಬಲಕ್ಕೆ ಹಸಿರು. ನೀಲಿ ಮಾವ ಆದಿನಾರಾಯಣಪ್ಪನ ಮಗ್ಗಕ್ಕೆ, ಹಸಿರು ಗಂಡ ಕೊಂಡಪ್ಪನ ಮಗ್ಗಕ್ಕೆ. ಎರಡೂ ಎಷ್ಟು ಗಾಢವೆಂದರೆ ಮಬ್ಬಿನಲ್ಲಿ ಎರಡೂ ಕಪ್ಪೇ. ಅಷ್ಟು ಹೊತ್ತಿಗೆ ಅತ್ತೆ ಅಮ್ಮಯಮ್ಮ ಗೋಡೆ ಸವರುತ್ತ ಬಂದು ರಾಟೆಯ ಮುಂದೆ ಕೂತು, ಎರಡೂ ಬುಟ್ಟಿಗಳನ್ನು ಒಮ್ಮೆ ಮುಟ್ಟುತ್ತಿದ್ದಳು.

"ಸರಿಯಾಗೈತಾ?" ಎಂದು ಮೆಲ್ಲಗೆ ಕೇಳುತ್ತಿದ್ದಳು.

"ಸರಿಯಾಗೈತೆ ಅತ್ತೆಮ್ಮ."

ಆಮೇಲೆ ದಿನವೆಲ್ಲ ರಾಟೆ ತಿರುಗುತ್ತಿತ್ತು. ಲಾಳಿಯೊಳಗೆ ಕೂರುವ ಬೆರಳುದ್ದದ ಕಂಡಿಕೆಗೆ ನೂಲು ಸುತ್ತುವುದರಲ್ಲಿ ದೊಡ್ಡಬಳ್ಳಾಪುರದ ಆ ಬೀದಿಗೆಲ್ಲ ಅಮ್ಮಯಮ್ಮನ ಕೈ ಹೆಸರಾದದ್ದು.

ಬೆಳಗಿನ ಆ ಎರಡು ಮಾತು ಅತ್ತೆ ಸೊಸೆಯರ ಗುಟ್ಟು. ಒಂದು ವರ್ಷದಿಂದ ಅಮ್ಮಯಮ್ಮನ ಕಣ್ಣಿಗೆ ಲೋಕವೆಲ್ಲ ಹಾಲು ಚೆಲ್ಲಿದ ಹಾಗೆ ಕಾಣುತ್ತಿತ್ತು. ಮನುಷ್ಯರು ಮಂಜಿನೊಳಗಿಂದ ನಡೆದು ಬಂದು, ಮಾತಾಡಿ, ಮತ್ತೆ ಮಂಜಿನೊಳಕ್ಕೆ ಹೋಗುತ್ತಿದ್ದರು.

"ದೀಪದ ಸುತ್ತ ಹೂ ಬಿಟ್ಟೈತೆ ಕಣೆ," ಎಂದು ಒಂದು ಸಂಜೆ ಅವಳೇ ಹೇಳಿದ್ದಳು. "ಒಂದು ಹಚ್ಚಿದ್ರೆ ಐದಾರು ಕಾಣ್ತವೆ. ನಂಗೆ ದಿನಾ ದೀಪಾವಳಿ." ನಕ್ಕು, ಆಮೇಲೆ ಸೊಸೆಯ ಮುಂಗೈ ಹಿಡಿದುಕೊಂಡಿದ್ದಳು. "ಯಾರಿಗೂ ಹೇಳ್ಬೇಡ. ನಮ್ಮತ್ತೆಗೆ ಕಣ್ಣು ಹೋದ ಮೇಲೇನೇ ಈ ರಾಟೆ ನನ್ನ ಕೈಗೆ ಬಂದಿದ್ದು. ಅವರನ್ನ ಹಿತ್ಲು ಬಾಗ್ಲ ಹತ್ರ ಚಾಪೆ ಹಾಕಿ ಕೂರಿಸಿದ್ವಿ. ಊಟಕ್ಕೆ ಕರೆಯೋದು ಬಿಟ್ರೆ ಅವರನ್ನ ಯಾರೂ ಏನೂ ಕೇಳ್ತಿರ್ಲಿಲ್ಲ. ನಾನೂ ಕೇಳ್ತಿರ್ಲಿಲ್ಲ."

ರುಕ್ಮಿಣಮ್ಮ ಮಾತು ಕೊಟ್ಟಳು. ಕನಿಕರದಿಂದಲೇ ಕೊಟ್ಟೆನೆಂದು ಅಂದುಕೊಂಡಳು. ಆದರೆ ಮನಸ್ಸಿನ ತಳದಲ್ಲಿ ಇನ್ನೊಂದು ಲೆಕ್ಕಾಚಾರವಿತ್ತು. ಅತ್ತೆ ರಾಟೆ ಬಿಟ್ಟರೆ ಎರಡು ಮಗ್ಗದ ಕಂಡಿಕೆ ಒಲೆಯ ಕೆಲಸದ ಜೊತೆಗೆ ತನ್ನ ಮೇಲೆಯೇ ಬೀಳುತ್ತದೆ. ಅದನ್ನು ಅವಳು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡಿರಲಿಲ್ಲ.

ಆ ಕಾರ್ತಿಕದಲ್ಲಿ ಆದಿನಾರಾಯಣಪ್ಪನಿಗೆ ಅರವತ್ತು ತುಂಬುವುದಿತ್ತು. ಶಾಂತಿ ಮಾಡಿಸಿ ಗಂಡ ಹೆಂಡತಿಯನ್ನು ಮತ್ತೆ ಹಸೆಯ ಮೇಲೆ ಕೂರಿಸುತ್ತಾರೆ. ಆ ದಿನ ಹೆಂಡತಿ ಉಡುವ ಸೀರೆಯನ್ನು ಗಂಡನೇ ಕೈಯಾರೆ ನೇಯಬೇಕೆಂಬುದು ಆ ಮನೆತನದ ಪದ್ಧತಿ. ಆದಿನಾರಾಯಣಪ್ಪ ಅದಕ್ಕೆಂದೇ ಗುಂಡಿಮಗ್ಗಕ್ಕೆ ಉದ್ದೆಳೆಗಳ ನೀಲಿ ಹಾಸು ಹೂಡಿದ್ದ.

ಕೊಂಡಪ್ಪನಿಗೆ ಒಂದೇ ಯೋಚನೆ. "ಅಪ್ಪಯ್ಯನಿಗೆ ಏನು ಕೊಡೋದು? ಕೈಗಡಿಯಾರನಾ, ರೇಡಿಯೋನಾ?" ಎಂದು ಊಟದ ಹೊತ್ತಿನಲ್ಲಿ ದಿನಕ್ಕೊಂದು ಸಲ ಕೇಳುತ್ತಿದ್ದ.

"ರೇಡಿಯೋನೇ ತಗೊಳಪ್ಪ," ಎಂದಳು ಅಮ್ಮಯಮ್ಮ. "ಮಗ್ಗದಲ್ಲಿ ಕೂತು ಹಾಡು ಕೇಳಿಸ್ಕೊಳ್ಲಿ. ನನ್ನ ಗೊಣಗಾಟ ತಪ್ತದೆ."

"ಅತ್ತೆಮ್ಮನಿಗೆ?" ಎಂದಳು ರುಕ್ಮಿಣಮ್ಮ.

"ಅಮ್ಮನಿಗೆ ಸೀರೆ ಆಗ್ತಾ ಐತಲ್ಲ. ಅರವತ್ತು ತುಂಬ್ತಿರೋದು ಅಪ್ಪಯ್ಯನಿಗೆ."

ಅಮ್ಮಯಮ್ಮನಿಗೆ ಎಷ್ಟೆಂದು ಯಾರಿಗೂ ತಿಳಿಯದು. ಪ್ಲೇಗು ಬಂದು ಊರು ಬಿಟ್ಟು ಗುಡಿಸಲು ಹಾಕಿದ್ದ ವರ್ಷ ತಾನು ಕಂಕುಳ ಕೂಸಂತೆ ಎಂದು ಅವಳು ಹೇಳುತ್ತಿದ್ದಳು. ಅದು ಯಾವ ವರ್ಷವೆಂದು ಕೇಳಿದವರಿಲ್ಲ.

ರುಕ್ಮಿಣಮ್ಮ ತಟ್ಟೆಗೆ ಸಾರು ಬಡಿಸುತ್ತ, "ಅತ್ತೆಮ್ಮನ್ನ ಒಂದ್ಸಲ ಬೆಂಗ್ಳೂರಿನ ಕಣ್ಣಾಸ್ಪತ್ರೆಗೆ ತೋರಿಸ್ಕೊಂಡು ಬಂದಿದ್ರೆ..." ಎಂದು ನಿಲ್ಲಿಸಿದಳು.

"ಅವಳ ಕಣ್ಣಿಗೇನಾಗೈತೆ?" ಆದಿನಾರಾಯಣಪ್ಪ ಮಗನನ್ನು ನೋಡಿಯೇ ಹೇಳಿದ. "ವಯಸ್ಸಾದ್ರೆ ಎಲ್ರಿಗೂ ಮಂಜಾಗ್ತದೆ. ಕೂತ ಜಾಗದಲ್ಲಿ ಕಂಡಿಕೆ ಸುತ್ತೋಳಿಗೆ ಆಸ್ಪತ್ರೆ ಯಾಕೆ? ಕೋರ್ಟು ಕಾಗದ ಓದ್ಬೇಕಾ?"

"ನಂಗೇನೂ ಆಗಿಲ್ಲಪ್ಪ," ಎಂದಳು ಅಮ್ಮಯಮ್ಮ, ಸೊಸೆಯ ದನಿ ಬಂದ ಕಡೆಗೆ ಮುಖ ತಿರುಗಿಸಿ.

ಶಾಂತಿಗೆ ಹತ್ತು ದಿನವಿರುವಾಗ ರುಕ್ಮಿಣಮ್ಮ ತವರಿಗೆ ಹೇಳಿ ಬರಲು ಹತ್ತಿರದ ಮಧುರೆ ಹಳ್ಳಿಗೆ ಹೋದಳು. ಆ ದಿನಗಳಲ್ಲಿ ಮೋಡ ಕವಿದಿತ್ತು. ಬಸ್ಸು ಕೆಟ್ಟು ಎರಡು ದಿನ ಅಲ್ಲೇ ಉಳಿಯಬೇಕಾಯಿತು. ಅಷ್ಟರಲ್ಲಿ ಇಲ್ಲಿ ಸುಣ್ಣ ಬಳಿಯುವವರು ಬಂದರು. ರಾಟೆಯನ್ನೂ ಬುಟ್ಟಿಗಳನ್ನೂ ಹೊರಗಿಟ್ಟು, ಗೋಡೆ ಒಣಗಿದ ಮೇಲೆ ಒಳಗಿಟ್ಟು ಹೋದರು. ಅಮ್ಮಯಮ್ಮ ಎಂದಿನಂತೆ ಎರಡೂ ಬುಟ್ಟಿ ಮುಟ್ಟಿ ನೋಡಿದಳು. ಸರಿಯಾಗಿದೆ ಎನ್ನಲು ಯಾರೂ ಇರಲಿಲ್ಲ. ಕೊಂಡಪ್ಪ ಶಾಂತಿಯ ಓಡಾಟದಲ್ಲಿ ಮಗ್ಗಕ್ಕೆ ಕೂತಿರಲಿಲ್ಲ. ಗಂಡನ ಮಗ್ಗಕ್ಕೆಂದು ಎಡದ ಬುಟ್ಟಿಗೆ ಕೈಹಾಕಿ ಸುತ್ತತೊಡಗಿದಳು.

ರುಕ್ಮಿಣಮ್ಮ ಹಿಂತಿರುಗಿದ ಬೆಳಿಗ್ಗೆ ಮೋಡ ಹರಿದಿತ್ತು. ಚಾವಣಿಯ ಗಾಜಿನ ಹೆಂಚಿನಿಂದ ಒಂದು ಕಂಬದಷ್ಟು ಬಿಸಿಲು ನೇರ ಮಾವನ ಮಗ್ಗದ ಮೇಲೆ ಇಳಿದಿತ್ತು. ಅವಳು ಗಂಟು ಕೆಳಗಿಡುವ ಮೊದಲೇ ಎಡದ ಬುಟ್ಟಿಯಲ್ಲಿ ಹಸಿರು ಕಂಡಿತು.

"ಇದೇನು ಅಪ್ಪಯ್ಯ, ಇಲ್ಲಿ ಬಣ್ಣ ತಿರುಗೈತಲ್ಲ," ಎನ್ನುತ್ತಿದ್ದ ಕೊಂಡಪ್ಪ.

"ಎಲ್ಲಿ?"

"ಇಲ್ಲೇ. ಒಂದು ಗೇಣು."

ಆದಿನಾರಾಯಣಪ್ಪ ಮೂಗು ತಾಕುವಷ್ಟು ಬಗ್ಗಿದ. ನೀಲಿ ಹಾಸಿನಲ್ಲಿ ಹಸಿರು ಅಡ್ಡೆಳೆ ಹಾದು, ಅಷ್ಟು ಜಾಗ ನವಿಲಿನ ಕತ್ತಿನ ಹಾಗೆ ಹೊಳೆಯುತ್ತಿತ್ತು. ಅವನು ನಿಧಾನವಾಗಿ ತಲೆಯೆತ್ತಿದ.

"ಏನೇ ಇದು? ಕಣ್ಣು ಎಲ್ಲಿಟ್ಟಿದ್ದೆ? ಶುಭಕಾರ್ಯದ ನೀಲಿ ಸೀರೆಗೆ ಹಸಿರು ಸುತ್ತಿದ್ದೀಯಲ್ಲ."

ರಾಟೆ ನಿಂತಿತು. "ತಪ್ಪಾಯ್ತು," ಎಂದಳು ಅಮ್ಮಯಮ್ಮ.

"ತಪ್ಪಾಯ್ತು ಅಂದ್ರೆ ಬಿಚ್ಚೋಕಾಗ್ತದಾ? ಬಿಚ್ಚಿದ್ರೆ ರೇಷ್ಮೆ ಜುಂಗು ಏಳ್ತದೆ. ನಿನ್ನ ಕೈಲಿ ಇನ್ಮೇಲೆ ಆಗಲ್ಲ ಬಿಡು. ರಾಟೆ ಸೊಸೆಗೆ ಕೊಟ್ಬಿಡು."

ಅಮ್ಮಯಮ್ಮ ಕೈಯಲ್ಲಿದ್ದ ಎಳೆಯನ್ನು ಬಿಡಲಿಲ್ಲ. ಮುಖ ಮಾತ್ರ ಹಿತ್ತಲ ಬಾಗಿಲ ಕಡೆಗೆ ತಿರುಗಿತು. ಈಗ ಅಲ್ಲಿ ಚಾಪೆಯಿಲ್ಲ. ಆದರೂ ಅವಳು ಏನನ್ನು ನೋಡುತ್ತಿದ್ದಾಳೆಂದು ರುಕ್ಮಿಣಮ್ಮನಿಗೆ ಗೊತ್ತಾಯಿತು.

ಮದುವೆಯಾಗಿ ಬಂದ ಎಂಟು ವರ್ಷದಲ್ಲಿ ಅವಳು ಮಾವನಿಗೆ ಎದುರು ನಿಂತು ಮಾತಾಡಿದವಳಲ್ಲ. ಏನಿದ್ದರೂ ಗಂಡನ ಮೂಲಕ, ಇಲ್ಲವೆ ಬಾಗಿಲ ಮರೆಯಿಂದ. ಈಗ ಸೆರಗು ಹೊದ್ದು ಮಗ್ಗದ ಹತ್ತಿರಕ್ಕೇ ಬಂದಳು.

"ಮಾವಯ್ಯ, ಕಂಡಿಕೆ ಸುತ್ತಿದ್ದು ಅತ್ತೆಮ್ಮ. ಅದನ್ನ ಲಾಳಿಗೆ ಹಾಕಿ ಒಂದು ಗೇಣು ನೇಯ್ದಿದ್ದು ನೀವು. ನಿಮ್ಗೂ ಕಾಣ್ಲಿಲ್ಲ."

"ಲೇ ರುಕ್ಮಿಣಿ," ಎಂದ ಕೊಂಡಪ್ಪ.

"ಇರಿ, ಹೇಳ್ಬಿಡ್ತೀನಿ. ಅತ್ತೆಮ್ಮನಿಗೆ ಒಂದು ವರ್ಷದಿಂದ ಕಣ್ಣು ಕಾಣ್ತಿಲ್ಲ. ದಿನಾ ಬೆಳಿಗ್ಗೆ ಬುಟ್ಟಿ ಸರಿಯಾಗಿಡ್ತಿದ್ದೋಳು ನಾನು. ಹೇಳಿದ್ರೆ ಎರಡು ಮಗ್ಗದ ಕೆಲಸ ನನ್ನ ತಲೆಗೆ ಬರ್ತದೆ ಅಂತ ಸುಮ್ನಿದ್ದೆ. ಅದು ನನ್ನ ತಪ್ಪು, ಅವರದಲ್ಲ."

ಅಷ್ಟು ದಿನ ತನಗೇ ಹೇಳಿಕೊಳ್ಳದ ಮಾತು ಬಿಸಿಲಿನಲ್ಲಿ ಎಲ್ಲರ ಮುಂದೆ ಬಿದ್ದಿತ್ತು. ಆದಿನಾರಾಯಣಪ್ಪ ಬೈಯುತ್ತಾನೆಂದು ಅವಳು ಕಾದಳು. ಅವನು ಆ ಒಂದು ಗೇಣಿನ ಮೇಲೆ ಅಂಗೈ ಆಡಿಸುತ್ತಲೇ ಇದ್ದ. ಆಮೇಲೆ ಹೆಂಡತಿಯನ್ನು ಕೇಳಿದ.

"ದೀಪದ ಸುತ್ತ ಹೂವು ಕಾಣ್ತದಾ ನಿಂಗೂ?"

ಆ ಪ್ರಶ್ನೆಯ ಕೊನೆ ಅಮ್ಮಯಮ್ಮನನ್ನು ಮುಟ್ಟಲು ಒಂದು ಗಳಿಗೆ ಬೇಕಾಯಿತು. "ಐದಾರು," ಎಂದಳು.

"ನಂಗಿನ್ನೂ ಎರಡು ಮೂರು."

ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಕೂತು ಒಂದೇ ಮಂಜನ್ನು ಬಚ್ಚಿಟ್ಟುಕೊಂಡಿದ್ದರು.

"ರೇಡಿಯೋ ಬೇಡ ಕಣೋ ಕೊಂಡಪ್ಪ," ಎಂದ ಆದಿನಾರಾಯಣಪ್ಪ. "ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗು. ಇಬ್ರನ್ನೂ. ಮೊದ್ಲು ಅವಳನ್ನ ತೋರ್ಸು."

"ಕಣ್ಣು ಕುಯ್ತಾರಂತೆ," ಎಂದಳು ಅಮ್ಮಯಮ್ಮ. "ವಾರಗಟ್ಟಲೆ ಅಲ್ಲಾಡ್ದೆ ಮಲಗ್ಬೇಕಂತೆ. ರಾಟೆ?"

"ನಿಂದೇ ಅದು. ಎಲ್ಲಿಗೂ ಹೋಗಲ್ಲ. ನೀನು ಬರೋವರೆಗೂ ಇವನು ಸುತ್ತಲಿ."

"ನಾನಾ?" ಎಂದ ಕೊಂಡಪ್ಪ.

"ಯಾಕೆ, ನಿಂಗೆ ಕೈಯಿಲ್ವಾ?"

ಸೀರೆಯನ್ನು ಬಿಚ್ಚಲಿಲ್ಲ. ಹಸೆಯ ಮೇಲೆ ಅಮ್ಮಯಮ್ಮ ಅದನ್ನೇ ಉಟ್ಟು ಕೂತಳು. ಅಕ್ಷತೆ ಹಾಕಲು ಬಂದ ಎದುರುಮನೆಯ ಗಂಗಲಕ್ಷ್ಮಮ್ಮ ಸೆರಗು ಹಿಡಿದು, "ಇದೇನು ಹೊಸ ನಮೂನೆನಾ? ನಮ್ಮ ಹುಡುಗಿಗೂ ಇಂಥದೇ ಒಂದು ಹಾಕ್ಕೊಡಿ," ಎಂದಳು. "ಅದಕ್ಕೆ ಇಬ್ರು ಸೇರ್ಬೇಕು, ಇಪ್ಪತ್ತು ಮೂವತ್ತು ವರ್ಷ ಕಾಯ್ಬೇಕು," ಎಂದ ಆದಿನಾರಾಯಣಪ್ಪ. ಗಂಗಲಕ್ಷ್ಮಮ್ಮನಿಗೆ ಅರ್ಥವಾಗಲಿಲ್ಲ. ಅಮ್ಮಯಮ್ಮ ನಗು ತಡೆಯಲು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಶಾಂತಿ ಮುಗಿದ ನಾಲ್ಕನೆಯ ದಿನ ಬೆಳಿಗ್ಗೆ ರುಕ್ಮಿಣಮ್ಮ ಇಬ್ಬರನ್ನೂ ಕರೆದುಕೊಂಡು ಬೆಂಗಳೂರಿನ ಬಸ್ಸು ಹತ್ತಿದಳು. ಜಗಲಿಯಲ್ಲಿ ಕೊಂಡಪ್ಪ ರಾಟೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಬೀದಿಯಲ್ಲಿ ಹೋಗುತ್ತಿದ್ದ ಪಿಳ್ಳಣ್ಣ ನಿಂತು, "ಏನ್ಲಾ ಕೊಂಡ, ಬಳೆ ಯಾವಾಗ ತೊಡ್ತೀಯ?" ಎಂದು ನಕ್ಕ. "ನೀನು ತಂದುಕೊಟ್ಟ ದಿನ," ಎಂದ ಕೊಂಡಪ್ಪ, ಹರಿದ ಎಳೆ ಗಂಟು ಹಾಕುತ್ತ.

ಆಸ್ಪತ್ರೆಯಲ್ಲಿ ಉದ್ದ ಸಾಲು. ಚೀಟಿ ಬರೆಯುವವನು ತಲೆಯೆತ್ತದೆ ಕೇಳಿದ. "ಹೆಸರು?"

"ಅಮ್ಮಯಮ್ಮ."

"ವಯಸ್ಸು?"

ಅಮ್ಮಯಮ್ಮ ಸೊಸೆಯ ಕಡೆಗೆ ಮುಖ ತಿರುಗಿಸಿದಳು. ಪ್ಲೇಗಿನ ಗುಡಿಸಲು, ಕಂಕುಳ ಕೂಸು ಎಂದೆಲ್ಲ ಇಲ್ಲಿ ಹೇಳಲಾದೀತೇ ಎಂದು ರುಕ್ಮಿಣಮ್ಮ ಯೋಚಿಸುತ್ತಿರುವಾಗ ಹಿಂದಿನಿಂದ ಆದಿನಾರಾಯಣಪ್ಪನ ದನಿ ಬಂತು.

"ಅರವತ್ತು ಅಂತ ಬರ್ಕೊಳಿ ಸ್ವಾಮಿ. ನನ್ನ ಜೊತೇಲೇ ತುಂಬ್ತು. ಮೊನ್ನೆ ತಾನೆ."

ಅತ್ತೆ ಏಳೆಂಟು ವರ್ಷವಾದರೂ ಚಿಕ್ಕವಳಿರಬೇಕೆಂದು ರುಕ್ಮಿಣಮ್ಮನಿಗೆ ಗೊತ್ತಿತ್ತು. ತಿದ್ದಲಿಲ್ಲ. ಅಮ್ಮಯಮ್ಮ ಮಾತ್ರ, ಯಾರೋ ಕೈಗೆ ಏನನ್ನೋ ಕೊಟ್ಟ ಹಾಗೆ, ಖಾಲಿ ಅಂಗೈ ಮಡಿಚಿಕೊಂಡಳು.

ಬೆಂಚಿನ ಮೇಲೆ ಕೂತ ಮೇಲೆ ಅವಳು ಉಟ್ಟಿದ್ದ ಆ ಶಾಂತಿಯ ಸೀರೆಯ ಸೆರಗನ್ನು ತೊಡೆಯ ಮೇಲೆ ಹರಡಿ, "ಅದು ಎಲ್ಲೈತೆ ತೋರ್ಸೆ," ಎಂದಳು. ರುಕ್ಮಿಣಮ್ಮ ಆ ಒರಟು ಬೆರಳನ್ನು ಹಿಡಿದು ನೀಲಿ ಮುಗಿಯುವಲ್ಲಿ ಇಟ್ಟಳು. "ಇಲ್ಲಿಂದ ಇಲ್ಲೀವರೆಗೆ ಅತ್ತೆಮ್ಮ."

ಅಮ್ಮಯಮ್ಮ ಹೆಬ್ಬೆರಳು ಕಿರುಬೆರಳು ಅಗಲಿಸಿ ಅಳೆದಳು. ಸರಿಯಾಗಿ ಒಂದು ಗೇಣು. ಒಳಗಿನಿಂದ ಹೆಸರು ಕರೆಯುವವರೆಗೂ ಅವಳು ಆ ಕೈ ತೆಗೆಯಲಿಲ್ಲ. ಬಸ್ಸಿನ ಸೀಟಿಗೆ ಟವೆಲು ಹಾಕಿ ಜಾಗ ಹಿಡಿದು, ಈಗ ಬಂದೆ ಎಂದು ಇಳಿದು ಹೋದವರ ಟವೆಲಿನ ಹಾಗೆ ಆ ಕೈ ನವಿಲುಬಣ್ಣದ ಮೇಲೆ ಹರಡಿಕೊಂಡಿತ್ತು.