ಲೇತಿನ ಮೋಟರಿಗೆ ಜ್ವರ

ದೊಡ್ಡಪ್ಪನ ಮರಗೆಲಸದ ಶೆಡ್ಡಿನಲ್ಲಿ ಮರ ಕಡೆಯುವ ಲೇತಿನ ಮೋಟರಿಗೆ ಜ್ವರ ಬಂದು ಎಂಟು ದಿನವಾಗಿತ್ತು. ಸ್ವಿಚ್ ಹಾಕಿದರೆ ಗುಂಯ್ ಎಂದು ಏಳುತ್ತಿತ್ತು. ಒಂದು ಕುರ್ಚಿಕಾಲನ್ನು ಅರ್ಧ ಕಡೆಯುವಷ್ಟರಲ್ಲಿ ಮೈ ಕೆಂಡವಾಗಿ, ಸುಟ್ಟ ವಾರ್ನಿಷ್ ವಾಸನೆ ಶೆಡ್ಡೆಲ್ಲ ತುಂಬುತ್ತಿತ್ತು. ಆಮೇಲೆ ಅದಕ್ಕೆ ಎರಡು ಗಂಟೆ ವಿಶ್ರಾಂತಿ. ದೊಡ್ಡಪ್ಪನಿಗೂ.

"ಇವತ್ತೂ ಹೀಗೇ ಆದ್ರೆ ಲೇತನ್ನ ಗುಜರಿಯವನಿಗೆ ಕೊಟ್ಬಿಡ್ತೀನಿ," ಎಂದ ದೊಡ್ಡಪ್ಪ. "ಮೌನಮ್ಮ, ಆಮೇಲೆ ಇಲ್ಲಿ ನಿನಗೂ ಕೆಲಸ ಇರಲ್ಲ, ಚಿಕ್ಕಮ್ಮನ ಬಟ್ಟೆ ಅಂಗಡಿಗೆ ಸೇರ್ಕೋ. ನಾಲ್ಕು ಗಂಟೆಗೆ ಬರ್ತಾಳೆ, ಕರ್ಕೊಂಡು ಹೋಗೋಕೆ."

ಮೌನಮ್ಮ ಅನ್ನುವುದು ಹುಟ್ಟಿದಾಗ ಇಟ್ಟ ಹೆಸರಲ್ಲ. ಹುಡುಗಿ ಮಾತನ್ನು ಜಿಪುಣತನದಿಂದ ಬಳಸುವುದು ನೋಡಿ ಮನೆಯವರು ಕಟ್ಟಿದ್ದು. ಬಟ್ಟೆ ಅಂಗಡಿ ಎಂದೊಡನೆ ಅವಳು ಕೈಲಿದ್ದ ಉಳಿಯನ್ನು ಇನ್ನಷ್ಟು ಜೋರಾಗಿ ಮಸೆದಳು. ಅಲ್ಲಿ ದಿನವಿಡೀ 'ಬನ್ನಿ, ಕೂತ್ಕೊಳ್ಳಿ, ಈ ಬಣ್ಣ ನಿಮಗೇ ಹೇಳಿ ಮಾಡಿಸಿದ ಹಾಗಿದೆ' ಅನ್ನಬೇಕು. ಆ ಬಣ್ಣ ಒಂದಿಷ್ಟೂ ಒಪ್ಪದವರಿಗೂ ಅನ್ನಬೇಕು. ಇಲ್ಲಿ ಶೆಡ್ಡಿನಲ್ಲಾದರೆ ಬಾಯಿ ಬಿಡುವ ಹಾಗೇ ಇಲ್ಲ. ಬಿಟ್ಟರೆ ಮರದ ಹೊಟ್ಟು ಒಳಗೆ ಹೋಗುತ್ತದೆ.

ಅಷ್ಟರಲ್ಲಿ ಮೋಟರ್ ವೈಂಡಿಂಗ್ ಅಂಗಡಿಯವನು, ಬೀದಿಯವರೆಲ್ಲ ಡಾಕ್ಟ್ರು ಅನ್ನುವವನು, ರಿಪೇರಿಗೆ ಒಯ್ದಿದ್ದ ಮೋಟರನ್ನು ಹೆಗಲ ಮೇಲೆ ಹೊತ್ತು ತಂದ.

"ಹೊಸ ಕೆಪಾಸಿಟರ್ ಹಾಕಿದೀನಿ. ಒಳಗಿನ ಸ್ವಿಚ್ಚು ಉಜ್ಜಿದೀನಿ. ಬೇರಿಂಗಿಗೆ ಗ್ರೀಸು. ನನ್ನ ಅಂಗಡೀಲಿ ಬೆಳಿಗ್ಗೆಯಿಂದ ಓಡ್ತಾ ಇತ್ತು. ಮುಟ್ಟಿದ್ರೆ ಬೆಚ್ಚಗೆ, ಮಲಗಿದ ಮಗು ಹಾಗೆ!"

ದೊಡ್ಡಪ್ಪ ಮೋಟರನ್ನು ಲೇತಿನ ಕೆಳಗೆ ಕೂರಿಸಿ, ಬೋಲ್ಟು ಬಿಗಿದು, ಅದರ ತುದಿಗೆ ತನ್ನ ಪುಲ್ಲಿಯನ್ನು, ಬೆಲ್ಟು ಎಳೆಯುವ ಗಾಲಿಯನ್ನು, ತೊಡಿಸಿ ಬೆಲ್ಟು ಏರಿಸಿದ. ಈ ಪುಲ್ಲಿಯ ವಿಷಯ ಹೇಳಲೇಬೇಕು. ಹೋದ ವಾರ ಹಳೆಯ ಎರಕದ ಪುಲ್ಲಿ ಬಿರುಕು ಬಿಟ್ಟಾಗ ಬೇರೆಯವರಾಗಿದ್ದರೆ ಅಂಗಡಿಗೆ ಹೋಗಿ ಅದೇ ಅಳತೆಯದು ತರುತ್ತಿದ್ದರು. ದೊಡ್ಡಪ್ಪ ಬಡಗಿ. ಆ ಹಳೆಯದು ಎರಡು ತುಂಡಾಗುವ ಮೊದಲು, ಅದರ ಕೊನೆಯುಸಿರಿನಲ್ಲೇ ಗಟ್ಟಿ ಮರದ ಹೊಸ ಪುಲ್ಲಿಯೊಂದನ್ನು ಕಡೆದು, ಮೂರು ಸಲ ಹೊಳಪು ಕೊಟ್ಟು, ಬಂದವರಿಗೆಲ್ಲ ತೋರಿಸಿದ್ದ. ಊಟದ ತಟ್ಟೆಯಷ್ಟು ಅಗಲ. "ಚಿಕ್ಕದು ಮಾಡಿದ್ರೆ ಮರದ ಗೆರೆ ಎಲ್ಲಿ ಕಾಣುತ್ತೆ?" ಎಂದಿದ್ದ.

ಸ್ವಿಚ್ ಹಾಕಿದರು. ಗುಂಯ್. ಹತ್ತು ನಿಮಿಷದಲ್ಲಿ ವಾಸನೆ ಬಂತು. ಡಾಕ್ಟ್ರು ಮೋಟರಿನ ಮೇಲೆ ಕೈಯಿಟ್ಟು, "ಅಯ್ಯಯ್ಯೋ!" ಎಂದು ಬೆರಳನ್ನು ಬಾಯಿಗೆ ಹಾಕಿಕೊಂಡ.

"ನಿಮ್ಮನೆ ಕರೆಂಟೇ ಸರಿ ಇಲ್ಲ ಕಣ್ರೀ."

"ನಮ್ಮನೆಗೂ ನಿಮ್ಮಂಗಡಿಗೂ ಒಂದೇ ಕಂಬ ಕಣಯ್ಯಾ!"

"ಹಾಗಾದ್ರೆ ನಿಮ್ಮ ಕಡೆ ತಂತಿ."

"ನನ್ನ ಮುಖಾನೂ ಸರಿ ಇಲ್ಲ ಅಂದ್ಬಿಡು!"

ಜಗಳದ ಸದ್ದಿಗೆ ದೊಡ್ಡಮ್ಮ ಒಳಗಿನಿಂದ ಬಂದಳು. ಕೈಯಲ್ಲಿ ಒದ್ದೆ ಬಟ್ಟೆ. "ನಾಲ್ಕು ಮಕ್ಕಳ ಜ್ವರ ಇಳಿಸಿದೀನಿ, ಇದ್ಯಾವ ಮಹಾ? ಇದರ ಹಣೆ ಯಾವ ಕಡೆಗಿದೆ ಹೇಳಿ."

ಮೌನಮ್ಮ ಒಂದೇ ನೆಗೆತಕ್ಕೆ ಸ್ವಿಚ್ ಆರಿಸಿ ಬಟ್ಟೆ ಕಿತ್ತುಕೊಂಡಳು. "ನೋಡಿದ್ರಾ ಬಾಯಿ ಸತ್ತವಳ ಜೋರು!" ಎಂದು ದೊಡ್ಡಮ್ಮ ಸೊಂಟಕ್ಕೆ ಕೈಯಿಟ್ಟಳು.

ಹುಡುಗಿಯ ತಲೆಯಲ್ಲಿ ಮಾತ್ರ ಒಂದು ಸದ್ದಿನ ಲೆಕ್ಕ ನಡೆದಿತ್ತು. ಹಿಂದೆಲ್ಲ ಮೋಟರು ಏಳುವಾಗ ಗುಂಯ್ ಆದಮೇಲೆ ಒಳಗೆಲ್ಲೋ 'ಟಕ್' ಅನ್ನುತ್ತಿತ್ತು. ಮೋಟರನ್ನು ಎಬ್ಬಿಸುವುದಕ್ಕೆ ಒಂದು ತಂತಿಯ ಸುರುಳಿ, ಓಡಿಸುವುದಕ್ಕೆ ಇನ್ನೊಂದು. ಸಾಕಷ್ಟು ವೇಗ ಹತ್ತಿದೊಡನೆ ಒಳಗಿನ ಸ್ವಿಚ್ಚು ಎಬ್ಬಿಸುವ ಸುರುಳಿಯನ್ನು ಟಕ್ ಎಂದು ಬಿಡಿಸಬೇಕು, ಇಲ್ಲದಿದ್ದರೆ ಅದು ಸುಟ್ಟುಹೋಗುತ್ತದೆ. ಇದನ್ನು ಡಾಕ್ಟ್ರೇ ಒಮ್ಮೆ ಯಾರಿಗೋ ವಿವರಿಸಿದ್ದ. ಅವಳು ಮೂಲೆಯಲ್ಲಿ ಉಳಿ ಮಸೆಯುತ್ತ ಕೇಳಿಸಿಕೊಂಡಿದ್ದಳು. ಎಂಟು ದಿನದಿಂದ ಟಕ್ ಇಲ್ಲ. ಡಾಕ್ಟ್ರ ಅಂಗಡಿಯಲ್ಲಿ ಮೋಟರು ಓಡಿದ್ದು ಬೋಳಾಗಿ, ಪುಲ್ಲಿ ಬೆಲ್ಟು ಯಾವುದೂ ಇಲ್ಲದೆ.

ಮೋಟರಿನ ಬಿಸಿ ಆರಿದ ಮೇಲೆ ಅವಳು ಬೆಲ್ಟು ಕಳಚಿ ಸ್ವಿಚ್ ಹಾಕಿದಳು. ಗುಂಯ್, ಟಕ್. ಆರಿಸಿ, ಬೆಲ್ಟು ಏರಿಸಿ ಮತ್ತೆ ಹಾಕಿದಳು. ಗುಂಯ್, ಬರೀ ಗುಂಯ್. ಇಷ್ಟು ಸಾಕಲ್ಲ ಎಂಬಂತೆ ಎಲ್ಲರ ಮುಖ ನೋಡಿದಳು.

"ಬೆಲ್ಟು ಕೆಟ್ಟಿದೆ," ಎಂದ ಡಾಕ್ಟ್ರು.

"ಬೆಲ್ಟು ಬಿಗಿಯಾಗಿದೆ," ಎಂದ ದೊಡ್ಡಪ್ಪ.

"ಬೆಲ್ಟಿಗೆ ಜ್ವರ," ಎಂದಳು ದೊಡ್ಡಮ್ಮ.

ಗೋಡೆಯ ಗಡಿಯಾರದಲ್ಲಿ ಎರಡೂವರೆ. ಹುಡುಗಿ ಸ್ವಿಚ್ ಆರಿಸಿದಳು. ಅಂಗಡಿಯಲ್ಲಿ ಬದುಕಿಡೀ ಮಾತಾಡುವುದಕ್ಕಿಂತ ಇಲ್ಲಿ ಒಂದು ಸಲ ಆಡಿಬಿಡುವುದೇ ಮೇಲು ಅನ್ನಿಸಿತು.

"ದೊಡ್ಡಪ್ಪಾ, ಪುಲ್ಲಿ ದೊಡ್ಡದಾಯ್ತು."

ದೊಡ್ಡಪ್ಪ ಪುಲ್ಲಿಯ ಮೇಲೆ ಕೈಯಾಡಿಸಿದ, ಯಾರೋ ಬೈದ ಮಗುವನ್ನು ಸಂತೈಸುವಂತೆ. ಡಾಕ್ಟ್ರು ಹಣೆ ಬಡಿದುಕೊಂಡ. "ಹೌದಲ್ಲ! ಇಷ್ಟು ದೊಡ್ಡದು ಹಾಕಿದ್ರೆ ಲೇತು ಎರಡರಷ್ಟು ಜೋರಾಗಿ ತಿರುಗಬೇಕು. ಮೋಟರು ಪಾಪ ಎಳೆದೂ ಎಳೆದೂ ಅರ್ಧ ವೇಗಕ್ಕೇ ಸುಸ್ತು. ಟಕ್ ಎಲ್ಲಿಂದ ಬರಬೇಕು? ಇದನ್ನ ಮಾಡಿದ ಪುಣ್ಯಾತ್ಮ ಯಾರು?"

"ಪುಣ್ಯಾತ್ಮ ನಿನ್ನ ಎದುರಿಗೇ ನಿಂತಿದಾನೆ," ಎಂದ ದೊಡ್ಡಪ್ಪ.

ಹೊಸದು ತರಲು ಹೊತ್ತಿರಲಿಲ್ಲ. ಹುಡುಗಿ ಬೆಲ್ಟು ತೆಗೆದಳು, ಮೋಟರಿನ ಪಕ್ಕ ಉಳಿ ಆನಿಸಲು ಒಂದು ಹಲಗೆ ಬಿಗಿದಳು, ಸ್ವಿಚ್ ಹಾಕಿದಳು. ತನ್ನದೇ ಮೋಟರಿನ ಮೇಲೆ ಗಿರಗಿರ ತಿರುಗುತ್ತಿದ್ದ ಪುಲ್ಲಿಗೆ ಮೆಲ್ಲಗೆ ಉಳಿ ಕೊಟ್ಟಳು. ಹೊಳಪು ಹೊತ್ತ ಸಿಪ್ಪೆ ಸುರುಳಿ ಸುರುಳಿಯಾಗಿ ನೆಲಕ್ಕೆ ಬಿತ್ತು.

"ಸಾಕಲ್ವಾ?" ಎಂದ ದೊಡ್ಡಪ್ಪ.

ಅವಳು ಮುರಿದ ಹಳೇ ಪುಲ್ಲಿಯ ಎರಡು ತುಂಡು ಜೋಡಿಸಿ ಅಳತೆ ಹಿಡಿದು, ಇಲ್ಲವೆಂದು ತಲೆಯಾಡಿಸಿದಳು.

"ಆ ಗೆರೆ ಒಂದಾದ್ರೂ ಉಳಿಸು ಮಾರಾಯ್ತಿ!"

ಗೆರೆಯೂ ಹೋಯಿತು. ಚಿಕ್ಕದಾದ ಪುಲ್ಲಿಗೆ ಹೊಸದಾಗಿ ಬೆಲ್ಟು ಕೂರುವ ತೋಡು ಕೊರೆದು, ಸಡಿಲಾದ ಬೆಲ್ಟಿಗೆ ಸರಿಯಾಗಿ ಮೋಟರನ್ನು ಹಿಂದಕ್ಕೆ ಸರಿಸಿ ಬಿಗಿದರು. ಗುಂಯ್, ಟಕ್. ಎರಡು ಕಾಲು ಪೂರ್ತಿ ಕಡೆದರೂ ವಾಸನೆ ಇಲ್ಲ. ಡಾಕ್ಟ್ರು ಅಂಜುತ್ತ ಅಂಜುತ್ತ ಮೋಟರು ಮುಟ್ಟಿ, ಇಪ್ಪತ್ತು ಎಣಿಸುವವರೆಗೂ ಕೈ ತೆಗೆಯಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಚಿಕ್ಕಮ್ಮ ಬಂದಳು. "ಭಾವ, ಹುಡುಗಿ ರೆಡಿನಾ?"

"ಅವಳು ಬರಲ್ಲ. ನಿನ್ನ ಅಂಗಡಿಗೆ ಆಗೋವಳಲ್ಲ."

"ಮಾತು ಬರಲ್ಲ ಅಂತಾನಾ? ನಾನು ಕಲಿಸ್ತೀನಿ ಬಿಡಿ."

"ಮಾತು ಬರಲ್ವಾ!" ದೊಡ್ಡಪ್ಪ ನೆಲದ ಮೇಲಿನ ಸಿಪ್ಪೆರಾಶಿ ತೋರಿಸಿದ. "ವಾರಕ್ಕೊಂದ್ಸಲ ಬಾಯಿ ಬಿಟ್ಟು ಮೂರು ಮಾತಾಡಿದ್ಳು, ನನ್ನ ಪುಲ್ಲಿ ಅರ್ಧ ಆಯ್ತು. ದಿನಾ ಮಾತಾಡಿದ್ರೆ ನಿನ್ನ ಅಂಗಡಿ ಉಳಿಯುತ್ತಾ?"

ಹುಡುಗಿ ಆಗಲೇ ಮೂರನೇ ಕಾಲನ್ನು ಲೇತಿಗೆ ಸಿಕ್ಕಿಸುತ್ತಿದ್ದಳು.